ಲಾಂಚ್ ತಾರೀಖು ಹೇಳಿ ಅಂದಾಗ ನಾನು ಮಾಡಿದ ಲೆಕ್ಕ

"ಲಾಂಚ್ ಯಾವತ್ತು? ಒಂದು ತಾರೀಖು ಹೇಳಿಬಿಡಿ" ಅಂತ ಮೀಟಿಂಗ್‌ನಲ್ಲಿ ಕೇಳಿದಾಗ ನನ್ನ ಹತ್ತಿರ ಇದ್ದದ್ದು ಒಂದೇ ಅಂಕಿ: 55 ಕೆಲಸದ ದಿನ. ಡಿಸೈನ್ 12, ಮೌಲ್ಡ್ 24, ಟೆಸ್ಟಿಂಗ್ 10, ಮೊದಲ ಬ್ಯಾಚ್ 9. ಒಂದಾದ ಮೇಲೊಂದು ಆಗಬೇಕಾದ ಕೆಲಸಗಳು, ಸುಮ್ನೆ ಕೂಡಿಸಿದ್ದೆ. ಹಿಂದಿನ ಸಲವೂ ಹೀಗೇ ಕೂಡಿಸಿ ಹೇಳಿ ಮುಖಭಂಗ ಆಗಿತ್ತು. ಎರಡು ದಿನ ಟೈಮ್ ಕೇಳಿದೆ.

ಕೆಲಸ ಮುಗಿಯಲು ಎಷ್ಟು ದಿನ ಬೇಕು ಅಂತ ಅಂದಾಜಿಸುವ ಪರ್ಟ್ (PERT) ಅನ್ನೋ ವಿಧಾನದ ಬಗ್ಗೆ ಓದಿದ್ದೆ, ಕೈಯಾರೆ ಮಾಡಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಕೆಲಸಕ್ಕೆ ಕಂಡುಕೊಂಡ ದಾರಿ ಅದು. ಪ್ರತಿ ಕೆಲಸಕ್ಕೂ ಮೂರು ಅಂದಾಜು: ಎಲ್ಲಾ ಸಲೀಸಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲಾ ಎಡವಟ್ಟಾದರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿದರೆ ಸರಾಸರಿ.

ಲೆಕ್ಕ ಸುಲಭ. ಮೂರನೇ ಅಂಕಿಯನ್ನು ಬಾಯಿ ಬಿಡಿಸೋದೇ ಕಷ್ಟ.

"ತೀರಾ ಕೆಟ್ಟರೆ ಎಷ್ಟು ದಿನ ಆಗಬಹುದು ಸರ್?" ಅಂತ ಮೌಲ್ಡ್ ನೋಡಿಕೊಳ್ಳುವವರನ್ನು ಕೇಳಿದೆ.

"ಒಂದೆರಡು ದಿನ ಜಾಸ್ತಿ ಆಗಬಹುದು ಮೇಡಂ, ಅಷ್ಟೇ."

ಪ್ರಶ್ನೆ ಬದಲಿಸಿದೆ. "ನೀವು ಮಾಡಿಸಿದ್ದರಲ್ಲಿ ತುಂಬಾ ಲೇಟ್ ಆದದ್ದು ಯಾವುದು?" ತಟ್ಟನೆ ನೆನಪಾಯಿತು ಅವರಿಗೆ. ಟ್ರಯಲ್‌ನಲ್ಲಿ ಪೀಸ್ ಸೊಟ್ಟ ಬಂದು ಮೌಲ್ಡ್ ಎರಡು ಸಲ ವಾಪಸ್ ಹೋಗಿತ್ತಂತೆ. 42 ದಿನ! ಹಾಗೆ 18, 24, 42 ಬರೆದುಕೊಂಡೆ. ಸರಾಸರಿ 26. ಆಮೇಲೆ ಎಲ್ಲರನ್ನೂ ಹೀಗೇ ಕೇಳಿದೆ. ಡಿಸೈನ್ 13 ಆಯಿತು, ಟೆಸ್ಟಿಂಗ್ 12, ಬ್ಯಾಚ್ 9ರಲ್ಲೇ ನಿಂತಿತು. ಒಟ್ಟು 60.

ಇನ್ನು ಏರುಪೇರು ಎಷ್ಟು? ಪ್ರತಿ ಕೆಲಸದಲ್ಲೂ ಕೆಟ್ಟ ಅಂದಾಜಿನಿಂದ ಒಳ್ಳೆಯದನ್ನು ಕಳೆದು, ಆರರಿಂದ ಭಾಗಿಸಿ, ವರ್ಗ ಮಾಡಿ ಕೂಡಿಸಿದೆ: 26 ಚಿಲ್ಲರೆ. ಅದರಲ್ಲಿ 16 ಮೌಲ್ಡ್ ಒಂದರದ್ದೇ. ವರ್ಗಮೂಲ ಐದು ದಿನಕ್ಕೆ ಸ್ವಲ್ಪ ಜಾಸ್ತಿ. ಸಂಖ್ಯಾಶಾಸ್ತ್ರದ ನಾರ್ಮಲ್ ಡಿಸ್ಟ್ರಿಬ್ಯೂಷನ್ ಟೇಬಲ್ ನೋಡಿದರೆ, 55 ದಿನದಲ್ಲಿ ಮುಗಿಯುವ ಸಾಧ್ಯತೆ ನೂರಕ್ಕೆ ಸುಮಾರು 17. ನಾನು ಮೀಟಿಂಗ್‌ನಲ್ಲಿ ಹೇಳಲು ಹೊರಟಿದ್ದ ಅಂಕಿ! 65 ಅಂದರೆ 83.

65 ಅಂತ ಬರೆದು ಕಳಿಸುವುದರಲ್ಲಿದ್ದೆ. ಆಗ ಪಕ್ಕದಲ್ಲಿ ಬೇರೆಯಾಗಿ ಸಾಗುವ ಪ್ಯಾಕೇಜಿಂಗ್ ಕಣ್ಣಿಗೆ ಬಿತ್ತು. ಅದರ ಸರಾಸರಿ 57, ಹಾಗಾಗಿ ಕ್ರಿಟಿಕಲ್ ಪಾತ್ (ಎಲ್ಲಕ್ಕಿಂತ ಉದ್ದ ಹಿಡಿಯುವ, ಮುಗಿಯುವ ದಿನವನ್ನು ನಿರ್ಧರಿಸುವ ಕೆಲಸಗಳ ಸರಣಿ) ಅಲ್ಲ ಅಂತ ಬಿಟ್ಟಿದ್ದೆ. ಆದರೆ ಅದರ ಏರುಪೇರು 7 ದಿನ. 65ರೊಳಗೆ ಅದು ಮುಗಿಯುವ ಸಾಧ್ಯತೆ 87. ಲಾಂಚ್‌ಗೆ ಎರಡೂ ಮುಗಿದಿರಬೇಕು ಅಲ್ವಾ? ಒಂದರ ತಡ ಇನ್ನೊಂದಕ್ಕೆ ತಟ್ಟಲ್ಲ ಅಂದುಕೊಂಡು ಗುಣಿಸಿದರೂ ಮುಕ್ಕಾಲಿಗಿಂತ ಕಮ್ಮಿ ಉಳಿಯಿತು. 70 ದಿನ ಹಿಡಿದರೆ 94ರ ಆಸುಪಾಸು.

70 ಹೇಳಿದೆ. "ಐದು ದಿನ ಬಿಡಿ" ಅಂತ ಚೌಕಾಸಿ ನಡೆಯಿತು. ಎರಡೂ ತಾರೀಖಿನ ಎದುರು ಎರಡೂ ಸಾಧ್ಯತೆ ಬರೆದು ಮುಂದಿಟ್ಟೆ. 70 ಉಳಿಯಿತು.

ಅಷ್ಟು ಹೆದರಿಸಿದ್ದ ಮೌಲ್ಡ್ 25 ದಿನಕ್ಕೆ ಬಂತು. ಲೇಬಲ್ ಮೇಲಿನ ಒಂದು ಸಾಲಿಗೆ ಮೂರು ಸಲ ತಿದ್ದುಪಡಿ ಆಗಿ, ಪ್ಯಾಕೇಜಿಂಗ್ ಮುಗಿದಾಗ 68ನೇ ದಿನ.