ಕೈಗವಸು ಕೊಳ್ಳುವ ಮೊದಲು

ಲೋಹದ ತಗಡನ್ನು ಕತ್ತರಿಸಿ, ಬೆಸೆದು, ಉಜ್ಜಿ, ಬಣ್ಣ ಹೊಡೆಯುವ ಒಂದು ಕಾರ್ಯಾಗಾರದ ಸುರಕ್ಷತೆಯ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಖರೀದಿಯ ಪಟ್ಟಿ ಬರೆದದ್ದು. ಹೆಲ್ಮೆಟ್, ಕನ್ನಡಕ, ಕೈಗವಸು, ಮಾಸ್ಕ್, ಇಯರ್‌ಪ್ಲಗ್‌ಗಳಿಂದ ಒಂದು ಕಬ್ಬಿಣದ ಕಪಾಟು ತುಂಬಿತು. ಕೆಲಸ ಮುಗಿಯಿತೆಂಬ ಸಮಾಧಾನವೂ ಆಯಿತು. ಅಪಾಯ ನಿಯಂತ್ರಣದ ಮೆಟ್ಟಿಲುಗಳನ್ನು ನಾನು ಓದಿರಲಿಲ್ಲವೆಂದಲ್ಲ. ಮೊದಲು ಅಪಾಯವನ್ನೇ ಇಲ್ಲವಾಗಿಸುವುದು, ಆಗದಿದ್ದರೆ ಕಡಿಮೆ ಅಪಾಯದ ವಸ್ತುವನ್ನು ಬದಲಿಗೆ ತರುವುದು, ಆಮೇಲೆ ಯಂತ್ರಕ್ಕೆ ಮರೆ ಕಟ್ಟುವುದು, ಹೊಗೆಯನ್ನು ಹುಟ್ಟಿದಲ್ಲೇ ಹೀರುವುದು ಮುಂತಾದ ತಾಂತ್ರಿಕ ತಡೆಗಳು, ನಂತರ ಕೆಲಸದ ವಿಧಾನ ಮತ್ತು ಅವಧಿಯ ಬದಲಾವಣೆ, ಎಲ್ಲಕ್ಕೂ ಕೊನೆಗೆ ಮೈಮೇಲೆ ಧರಿಸುವ ರಕ್ಷಣಾ ಸಾಧನ. ಆದರೂ ಕೊನೆಯ ಮೆಟ್ಟಿಲಿನಿಂದಲೇ ಶುರುಮಾಡಿದ್ದೆ. ಯಾರನ್ನೂ ಒಪ್ಪಿಸದೆ, ಒಂದು ಯಂತ್ರವನ್ನೂ ನಿಲ್ಲಿಸದೆ ಒಂದೇ ದಿನದಲ್ಲಿ ಮುಗಿಸಬಹುದಾದದ್ದು ಅದೊಂದೇ ಆಗಿತ್ತು.

ತಪ್ಪು ಹೊರಬಿದ್ದದ್ದು ಬಿಡಿಭಾಗಗಳ ಜಿಡ್ಡು ತೊಳೆಯುವ ಮೇಜಿನ ಬಳಿ. ಅಲ್ಲಿ ಕೆಲಸ ಮಾಡುತ್ತಿದ್ದವರ ಬೆರಳ ತುದಿಗಳು ಬಿಳಿಚಿಕೊಂಡು ಬಿರುಕು ಬಿಟ್ಟಿದ್ದವು. ಕೈಗವಸು ಹಾಕುವುದಿಲ್ಲವೇ ಎಂದು ಸ್ವಲ್ಪ ಗಡಸಾಗಿಯೇ ಕೇಳಿದೆ. "ದಿನಾ ಹಾಕ್ತೀನಿ ಸಾರ್, ಒಳಗೇ ಒದ್ದೆಯಾಗುತ್ತೆ" ಎಂದು ಅವರು ನಾನೇ ಕೊಟ್ಟಿದ್ದ ತೆಳು ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸನ್ನು ಕಳಚಿ ತೋರಿಸಿದರು. ತೊಳೆಯುತ್ತಿದ್ದದ್ದು ಅಸಿಟೋನ್ ಎಂಬ ದ್ರಾವಕದಲ್ಲಿ. ನೈಟ್ರೈಲ್ ಎಣ್ಣೆ, ಗ್ರೀಸುಗಳಿಗೆ ಚೆನ್ನಾಗಿ ತಡೆಯೊಡ್ಡುತ್ತದೆ, ಅಸಿಟೋನಿಗೆ ಮಾತ್ರ ಬಹುಬೇಗ ಸೋಲುತ್ತದೆ. ಅಲ್ಲಿಗೆ ಬೇಕಾದದ್ದು ಬ್ಯುಟೈಲ್ ರಬ್ಬರಿನದು. ಪ್ರತಿ ರಾಸಾಯನಿಕದ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರದ 8ನೆಯ ವಿಭಾಗವನ್ನೂ, ಯಾವ ದ್ರವ ಯಾವ ಕೈಗವಸನ್ನು ಎಷ್ಟು ನಿಮಿಷದಲ್ಲಿ ದಾಟುತ್ತದೆಂಬ ತಯಾರಕರ ಕೋಷ್ಟಕವನ್ನೂ ನಾನು ಗಮನವಿಟ್ಟು ಓದಿದ್ದು ಆ ಸಂಜೆಯೇ. 1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕರೆನ್ ವೆಟರ್‌ಹಾನ್ ಅವರ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಕಡುವಿಷದ ಕೆಲವು ಹನಿಗಳು ಬಿದ್ದವು. ಆ ಲೇಟೆಕ್ಸ್ ಕೈಗವಸು ಅದನ್ನು ಹದಿನೈದು ಸೆಕೆಂಡಿಗಿಂತ ಹೆಚ್ಚು ತಡೆಯಲಾರದೆಂದು ಆಮೇಲೆ ನಡೆದ ಪರೀಕ್ಷೆಯಲ್ಲಿ ತಿಳಿಯಿತು, 1997ರ ಜೂನಿನಲ್ಲಿ ಅವರು ತೀರಿಕೊಂಡರು. ನಮ್ಮ ಅಸಿಟೋನ್ ಅಂಥ ವಿಷವಲ್ಲ, ಆದರೆ ಹಾಕಿದ್ದೇನೆಂಬ ಧೈರ್ಯ ಎರಡೂ ಕಡೆ ಒಂದೇ ಬಗೆಯದು.

ಬ್ಯುಟೈಲ್ ಕೈಗವಸಿಗೆ ಬೇಡಿಕೆ ಬರೆದು, ಸಹಿ ಹಾಕುವ ಹೊತ್ತಿಗೆ ಕೈ ತಡೆಯಿತು. ಅಸಿಟೋನ್ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ; ನಾವು ಅದನ್ನು ತೆರೆದ ತಟ್ಟೆಯಲ್ಲಿಟ್ಟಿದ್ದ ಮೇಜಿನಿಂದ ಕೆಲವೇ ಹೆಜ್ಜೆಗಳಾಚೆ ಗ್ರೈಂಡರ್ ಕಿಡಿ ಹಾರಿಸುತ್ತಿತ್ತು. ನಾನು ಬೆರಳನ್ನು ನೋಡುತ್ತ ಬೆಂಕಿಯನ್ನು ಮರೆತಿದ್ದೆ. ಅಂದೇ ತಟ್ಟೆಯನ್ನು ಅಲ್ಲಿಂದ ತೆಗೆಸಿದೆ. ಜಿಡ್ಡು ತೆಗೆಯಲು ನೀರಿನಲ್ಲಿ ಕರಗುವ ಮಾರ್ಜಕವೇ ಸಾಕೇ ಎಂದು ಎರಡು ವಾರ ಪರೀಕ್ಷಿಸಿದೆವು. ಬಿಸಿ ಮಾಡಿದ ದ್ರಾವಣದಲ್ಲಿ ಸಾಕಾಯಿತು, ತುಸು ಹೊತ್ತು ಹೆಚ್ಚು ಹಿಡಿಯಿತು ಅಷ್ಟೇ. ಭಾಗಗಳನ್ನು ಜಾಲರಿಯ ಬುಟ್ಟಿಯಲ್ಲಿಟ್ಟು, ಮುಚ್ಚಳವಿರುವ ತೊಟ್ಟಿಯಲ್ಲಿ ಇಳಿಸಿ ಎತ್ತುವಂತೆ ಮಾಡಿದ ಮೇಲೆ ಕೈ ಅದ್ದುವ ಪ್ರಮೇಯವೇ ಉಳಿಯಲಿಲ್ಲ. ಒಣಗಿದ ಅಂಟನ್ನು ಒರೆಸುವ ಐದು ನಿಮಿಷದ ಕೆಲಸಕ್ಕೆ ಮಾತ್ರ ಅಸಿಟೋನ್ ಉಳಿಯಿತು. ಅದಕ್ಕೆ ಸಣ್ಣ ಡಬ್ಬಿ, ಕಿಡಿಯಿಂದ ದೂರದ, ಗಾಳಿಯಾಡುವ ಜಾಗ ಮತ್ತು ಒಂದೇ ಜೊತೆ ಬ್ಯುಟೈಲ್ ಕೈಗವಸು ಸಾಕಾದವು.

ಸದ್ದಿನ ವಿಷಯದಲ್ಲಿ ಇಷ್ಟು ಸಲೀಸಾಗಲಿಲ್ಲ. ಗ್ರೈಂಡಿಂಗ್ ಜಾಗದಲ್ಲಿ ಮೀಟರು 94 ಡೆಸಿಬಲ್ ತೋರಿಸಿತು. 8 ಗಂಟೆಗೆ 85 ಡೆಸಿಬಲ್ ಮಿತಿ, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧವಾಗಬೇಕು ಎಂಬ ಲೆಕ್ಕದಲ್ಲಿ 94ರ ಸದ್ದಿನಲ್ಲಿ ದಿನಕ್ಕೆ ಇರಬಹುದಾದದ್ದು ಒಂದೇ ಗಂಟೆ. ಕಂಪ್ರೆಸರನ್ನು ಗೋಡೆಯಾಚೆ ಸಾಗಿಸಿದೆವು, ತುಂಡುಗಳು ಬೀಳುವ ಕಬ್ಬಿಣದ ತೊಟ್ಟಿಗೆ ಒಳಗಿನಿಂದ ರಬ್ಬರ್ ಹಾಸಿದೆವು, ಇದರಿಂದ ಉಳಿದವರ ಕಿವಿಗೆ ನಿಜಕ್ಕೂ ಬಿಡುವು ಸಿಕ್ಕಿತು. ಗ್ರೈಂಡರ್ ಮುಂದೆ ನಿಂತವರ ಪಾಲಿಗೆ ಸದ್ದು ತಗ್ಗಲಿಲ್ಲ. ಸರದಿಯ ಮೇಲೆ ಕೆಲಸ ಹಂಚಿದರೂ ಒಂದು ಗಂಟೆಗೆ ಇಳಿಸಲಾಗದೆ ಕೊನೆಗೆ ಇಯರ್‌ಪ್ಲಗ್ಗೇ ಗತಿಯಾಯಿತು. ಪೊಟ್ಟಣದ ಮೇಲೆ ಸದ್ದು ತಗ್ಗಿಸುವ ಪ್ರಮಾಣ 29 ಡೆಸಿಬಲ್ ಎಂದಿತ್ತು; 94ರಲ್ಲಿ 29 ಕಳೆದರೆ 65 ಎಂದು ಹಿಗ್ಗುವಂತಿಲ್ಲ. ಪ್ರಯೋಗಾಲಯದ ಆ ಅಂಕಿಯಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡಿದರೆ ಬರುವ 11 ಡೆಸಿಬಲ್ಲೇ ಕೆಲಸದ ಜಾಗದಲ್ಲಿ ನಂಬಬಹುದಾದದ್ದು. ಹಾಗೆ ನೋಡಿದರೆ ಕಿವಿಗೆ ತಲಪುವುದು 83, ಅಂದರೆ ಮಿತಿಯೊಳಗೆ, ಕೂದಲೆಳೆಯ ಅಂತರದಲ್ಲಿ. ಅದೂ ಪ್ಲಗ್ಗನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ಸೇರಿಸಿ, ಉಬ್ಬುವವರೆಗೆ ಬೆರಳಿಂದ ಒತ್ತಿ ಹಿಡಿದರೆ ಮಾತ್ರ. ಇದನ್ನು ಒಬ್ಬೊಬ್ಬರ ಪಕ್ಕದಲ್ಲಿ ನಿಂತು ಕಲಿಸಬೇಕಾಯಿತು. ಗೋಡೆಗೆ ಅಂಟಿಸಿದ ಚಿತ್ರದಿಂದ ಯಾರೂ ಕಲಿತದ್ದನ್ನು ನಾನು ಕಾಣೆ.

ಬೆಸುಗೆಯ ಹೊಗೆಗೆ ಹೀರುಕೊಳವೆ ಮೊದಲೇ ಇತ್ತು, ಆದರೆ ಕೆಲಸಕ್ಕೆ ಅಡ್ಡವಾಗುತ್ತದೆಂದು ಅದನ್ನು ದೂರ ಸರಿಸಿಟ್ಟಿದ್ದರು. ಕೊಳವೆಯ ಬಾಯಿಂದ ಅದರ ವ್ಯಾಸದಷ್ಟು ದೂರದಲ್ಲಿಯೇ ಗಾಳಿಯ ಸೆಳೆತ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ. ಬೇಕಾದತ್ತ ಬಾಗುವ ತೋಳನ್ನು ಜೋಡಿಸಿ, ಬಾಯನ್ನು ಬೆಸುಗೆಯ ಹತ್ತಿರಕ್ಕೆ ತಂದಾಗ ಹೊಗೆ ಮುಖದತ್ತ ಏಳದೆ ಪಕ್ಕಕ್ಕೆ ಎಳೆದುಹೋಗುವುದನ್ನು ಬೆಸುಗೆಯವರೇ ನೋಡಿದರು; ಆಮೇಲೆ ಅದನ್ನು ಸರಿಸಲು ಅವರಿಗೇ ಮನಸ್ಸಾಗಲಿಲ್ಲ.

ಬಣ್ಣದ ಕೋಣೆಯಲ್ಲಿ ನಾನು ಕೊಟ್ಟಿದ್ದ ಎನ್95 ಮಾಸ್ಕ್ ಕಣಗಳನ್ನು ಹಿಡಿಯುತ್ತದೆಯೇ ಹೊರತು ಥಿನ್ನರಿನ ಆವಿಯನ್ನಲ್ಲ. ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್, ಅದರ ಮುಂದೆ ಕಣ ತಡೆಯುವ ಪದರ ಇರುವ ರಬ್ಬರ್ ಮಾಸ್ಕ್‌ಗೆ ಬದಲಾಯಿಸಿ, ವಾಸನೆ ಬರುವವರೆಗೆ ಕಾಯದೆ ನಿಗದಿತ ಗಂಟೆಗಳಿಗೆ ಕಾರ್ಟ್ರಿಜ್ ಬದಲಿಸುವ ನಿಯಮ ಮಾಡಿದೆವು. ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ, ಉಸಿರಾಟಕ್ಕೆ ಹಾನಿ ಮಾಡುವ ರಾಸಾಯನಿಕ ಇರುವ ಎರಡು ಭಾಗದ ಬಣ್ಣವನ್ನು, ಮೂಗು ಎಚ್ಚರಿಸಲಾರದ ವಸ್ತುವೆಂಬ ಕಾರಣಕ್ಕೆ, ಕೈಬಿಟ್ಟೆವು. ಗಡ್ಡದ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಮಾಸ್ಕಿನ ಅಂಚು ಚರ್ಮಕ್ಕೆ ಕೂರದಿದ್ದರೆ ಗಾಳಿ ಸಂದಿಯಿಂದಲೇ ಒಳಬರುತ್ತದೆ, ಗಡ್ಡ ತೆಗೆಯಿರಿ ಎನ್ನುವುದು ಎಲ್ಲರಿಗೂ ಹೇಳಬಹುದಾದ ಮಾತಲ್ಲ. ಒಬ್ಬರಿಗೆ ಶುದ್ಧ ಗಾಳಿ ಊದುವ, ತಲೆಯನ್ನು ಪೂರ್ತಿ ಮುಚ್ಚುವ ಸಡಿಲ ಮುಸುಕನ್ನು ತರಿಸಿದೆವು.

ಈಗ ಕಪಾಟಿನಲ್ಲಿ ಸಾಮಾನು ಮೊದಲಿಗಿಂತ ಕಡಿಮೆಯಿದೆ, ಪ್ರತಿ ಖಾನೆಯ ಮೇಲೆ ಯಾವ ಕೆಲಸಕ್ಕೆ ಯಾವುದು ಎಂದು ಬರೆದಿದೆ. ಡ್ರಿಲ್ಲಿಂಗ್ ಯಂತ್ರದ ಪಕ್ಕದಲ್ಲಿ ಮಾತ್ರ ಖಾಲಿ ಕೊಕ್ಕೆಗಳನ್ನು ಹೊಡೆಸಿದ್ದೇನೆ. ತಿರುಗುವ ಡ್ರಿಲ್ ಬಿಟ್ ಕೈಗವಸಿನ ಬಟ್ಟೆಯನ್ನು ಕಚ್ಚಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಅಲ್ಲಿಗೆ ಬಂದವರು ಕೈಗವಸನ್ನು ಕಳಚಿ ನೇತುಹಾಕಿ, ಕನ್ನಡಕ ಹಾಕಿಕೊಂಡು, ಆಮೇಲೆ ಸ್ವಿಚ್ ಒತ್ತುತ್ತಾರೆ.