ಸ್ಕಾಟ್ ಬಿಟ್ಟ ಪುಕ್ಕ, ನಾನು ಬಿಟ್ಟ 11 ಸಾವಿರ

"ಆಗೋಲ್ಲ ಬಿಡಿ ಮೇಷ್ಟ್ರೇ" ಅಂತ ನಕ್ಕವರೇ ಕಳೆದ ವಾರ ಮೊಬೈಲ್ ಹಿಡಿದು ಸುತ್ತ ನಿಂತಿದ್ದರು. ಗಾಳಿ ತೆಗೆದ ಕೊಳವೆಯೊಳಗೆ ಕೋಳಿಪುಕ್ಕ, ಕಬ್ಬಿಣದ ನಟ್ಟು ಎರಡೂ ಒಟ್ಟಿಗೇ ತಳ ಸೇರಿದವು.

1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಮಾಡಿದ್ದೂ ಇದನ್ನೇ. ಒಂದು ಕೈಯಲ್ಲಿ 1.32 ಕೆಜಿ ಸುತ್ತಿಗೆ, ಇನ್ನೊಂದರಲ್ಲಿ ಗಿಡುಗದ ಪುಕ್ಕ. ಕೈಬಿಟ್ಟರು, ಮುಗೀತು. ಅವರಿಗೇನು, ಅಲ್ಲಿ ಪುಕ್ಕವನ್ನು ತಡೆಯೋಕೆ ಗಾಳಿಯೇ ಇಲ್ಲ. ಹಾಸನದಲ್ಲಿ ಗಾಳಿ ತೆಗೆಯೋಕೆ ನನಗೆ ಏಳು ತಿಂಗಳು ಬೇಕಾಯಿತು.

ಗಾಳಿ ಎಳೆಯುವ ಪಂಪು ಎಸಿ ಮೆಕ್ಯಾನಿಕ್ ಹತ್ತಿರ ಕೊಂಡ ಸೆಕೆಂಡ್ ಹ್ಯಾಂಡ್, ಸುಮಾರು ನಾಲ್ಕು ಸಾವಿರ. 4 ಅಡಿ ಅಕ್ರಿಲಿಕ್ ಕೊಳವೆಗೆ ಮೂರು ಸಾವಿರ. ಅದನ್ನು ಥಿನ್ನರ್ ಹಾಕಿ ಒರೆಸಿದೆ. ಬೆಳಗಾಗುವಷ್ಟರಲ್ಲಿ ಜೇಡರ ಬಲೆಯ ಹಾಗೆ ಬಿರುಕು. ಎರಡನೇ ಕೊಳವೆಯ ಲೆಕ್ಕ ಮನೆಯಲ್ಲಿ ಇನ್ನೂ ಹೇಳಿಲ್ಲ.

ಆಮೇಲೆ ಎಷ್ಟು ಗಾಳಿ ಹೋಯಿತು ಅಂತ ತೋರಿಸುವ ಗೇಜಿನ ಕಾಟ. ಮುಳ್ಳು 30 ಇಂಚಿಗೆ (ಪಾದರಸದ ಲೆಕ್ಕದಲ್ಲಿ) ಹೋಗಲೇ ಇಲ್ಲ, 26-27ರ ನಡುವೆ ನಿಂತುಬಿಡುತ್ತಿತ್ತು. ಎಲ್ಲೋ ಲೀಕ್ ಇದೆ ಅಂತ ಎಂ-ಸೀಲ್ ಮೆತ್ತಿ ಮೆತ್ತಿ ಮೂರು ಭಾನುವಾರ ಹಾಳು. ಕೊನೆಗೆ ಹೊಳೆಯಿತು. ಹಾಸನ ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಅಷ್ಟು, ಮುಳ್ಳು ಅದನ್ನು ದಾಟುವುದಿಲ್ಲ! 30 ನೋಡಬೇಕಾದರೆ ಮಂಗಳೂರಿಗೇ ಹೋಗಬೇಕು.

ಗಾಳಿ ಹೋದ ಮೇಲೂ ಪುಕ್ಕ ಬೀಳಲಿಲ್ಲ. ಸ್ಟ್ಯಾಟಿಕ್‌ನಿಂದ (ಉಜ್ಜಿದಾಗ ಹುಟ್ಟುವ ವಿದ್ಯುತ್ತಿನಿಂದ) ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿದೆ. ಎರಡನ್ನೂ ಒಂದೇ ಗಳಿಗೆಯಲ್ಲಿ ಬಿಡುವುದಕ್ಕೆ ಇನ್ನೊಂದು. ಅವೆರಡನ್ನು ಬರೆಯುವುದಿಲ್ಲ, ಕಾಫಿಗೆ ಬಂದರೆ ತೋರಿಸುತ್ತೇನೆ. ತಳಕ್ಕೆ ಹಳೇ ಹವಾಯಿ ಚಪ್ಪಲಿಯ ತುಂಡು ಹಾಕಿ ಅನ್ನುವುದನ್ನು ಮಾತ್ರ ಪುಕ್ಕಟೆ ಹೇಳುತ್ತೇನೆ, ಇಲ್ಲದಿದ್ದರೆ ನಟ್ಟು ಮುಚ್ಚಳ ಒಡೆಯುತ್ತದೆ.

ನಡುವೆ ಸುಮ್ನೆ ಇರಲಾರದೆ ಒಂದು ಲೋಟ ನೀರಿಟ್ಟು ಪಂಪು ಓಡಿಸಿದೆ. ಒತ್ತಡ ಇಳಿದದ್ದಕ್ಕೆ ಒಲೆ ಇಲ್ಲದೆ ನೀರು ಕುದಿಯಿತು. ಮಕ್ಕಳಿಗೆ ಪುಕ್ಕಕ್ಕಿಂತ ಇದೇ ಜಾಸ್ತಿ ಇಷ್ಟ. ಆದರೆ ಆವಿಯೆಲ್ಲ ಪಂಪಿನೊಳಗೆ ಹೋಗಿ ಆಯಿಲ್ ಮಜ್ಜಿಗೆಯಾಯಿತು. ಹೊಸ ಆಯಿಲಿಗೆ ಮತ್ತೆ ಮುನ್ನೂರು ಚಿಲ್ಲರೆ.

ಚಂದ್ರನ ಸೆಳೆತ ಇಲ್ಲಿಯ ಆರನೇ ಒಂದು ಪಾಲು. ಅಲ್ಲಿ ನಿಧಾನವಾಗಿ ಬೀಳುತ್ತದೆ, ಕಣ್ಣಿಗೇ ಕಾಣುತ್ತದೆ. ಇಲ್ಲಿ ಅರ್ಧ ಸೆಕೆಂಡೂ ಸಿಗುವುದಿಲ್ಲ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮಿನಲ್ಲಿ, ಎಣಿಸಿದೆ. ನಟ್ಟಿಗೆ 115 ಫ್ರೇಮ್ ಆಸುಪಾಸು, ಪುಕ್ಕ ಎರಡೋ ಮೂರೋ ಹಿಂದೆ. ಎಸಿ ಪಂಪಿಗೆ ಇದು ಸಾಕಲ್ವಾ?

ಈಗ ಗಣಿತದ ಮೇಷ್ಟ್ರ ಹೊಸ ತಕರಾರು: "ಸುತ್ತಿಗೆ ಎಲ್ಲಿ?" ಕೊಳವೆಯ ಬಾಯಿ ನಾಲ್ಕೇ ಇಂಚು ಸಾರ್. ನಟ್ಟನ್ನೇ ಸುತ್ತಿಗೆ ಅಂದುಕೊಳ್ಳಿ.