ಫೋಟೋದ ಬೆಳಕು ಮನೆಯಲ್ಲೂ ಬೀಳಬೇಕು: ಒಳಾಂಗಣದ ತ್ರೀಡಿ ಚಿತ್ರ ಮಾಡುವುದು ಹೇಗೆ?

ಹೋದ ವರ್ಷ ಕಲಬುರಗಿಯ ಜೇವರ್ಗಿ ರಸ್ತೆ ಕಡೆಯಿಂದ ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಅಂಗಡಿಗೆ ಬಂದರು. ಓಣಿಯವರೆಲ್ಲ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಾರೆ. ಕೈಯಲ್ಲಿ ಒಂದು ಕಲರ್ ಪ್ರಿಂಟ್ ಇತ್ತು. ಬೇರೆ ಕಡೆ ಮಾಡಿಸಿದ್ದ ಹಾಲ್‌ನ ತ್ರೀಡಿ ಚಿತ್ರ ಅದು. ಕನ್ನಡಿಯಂಥ ನೆಲ, ಹಾಲಿನಂಥ ಗೋಡೆ, ಪಿಒಪಿ ತುಂಬ ದೀಪ, ಕಿಟಕಿಯಾಚೆ ಸಮುದ್ರ. "ತಮ್ಮಾ, ಈ ಫೋಟೋದಾಗಿನ ಬೆಳಕು ನಮ್ಮ ಮನ್ಯಾಗ ಎಲ್ಲದ?" ಅಂದರು. ಮನೆ ಕಟ್ಟಿ ಮುಗಿದಿತ್ತು, ದುಡ್ಡೂ ಖರ್ಚಾಗಿತ್ತು. ಅವರ ಹಾಲ್‌ನ ದೊಡ್ಡ ಕಿಟಕಿ ಇರುವುದು ಉತ್ತರಕ್ಕೆ. ಚಿತ್ರದಲ್ಲಿ ಅದೇ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಸೋಫಾವರೆಗೆ ಹರಿದಿತ್ತು. ಕಲಬುರಗಿಯಲ್ಲಿ ಅದು ವರ್ಷದ ಯಾವ ದಿನವೂ ಆಗದ ಮಾತು.

ಆ ಚಿತ್ರ ಮಾಡಿದವರಿಗೆ ಸಾಫ್ಟ್‌ವೇರ್ ಚೆನ್ನಾಗಿಯೇ ಬರುತ್ತಿತ್ತು. ಸೋಫಾ, ಪರದೆ, ಗಾಜು ಎಲ್ಲ ನೀಟಾಗಿ ಬಂದಿದ್ದವು. ತಪ್ಪಿದ್ದು ಬೆಳಕಿನಲ್ಲಿ. ಹೊಸದಾಗಿ ಕಲಿಯುವವರು ಹೆಚ್ಚಾಗಿ ಎಡವುವುದೂ ಇಲ್ಲೇ. ಅದಕ್ಕೇ ಈ ಲೇಖನದಲ್ಲಿ ಬೆಳಕಿಗೆ ಜಾಗ ಜಾಸ್ತಿ, ಉಳಿದದ್ದಕ್ಕೆ ಕಡಿಮೆ.

ನಾನು ಬಳಸುವುದು ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ. 2002ರಿಂದ ಅದು ಮುಕ್ತ ತಂತ್ರಾಂಶ. ಕಂಪ್ಯೂಟರ್‌ನಲ್ಲಿ ಕಟ್ಟಿದ ಮನೆಯಿಂದ ಕೊನೆಯ ಚಿತ್ರ ತೆಗೆಯುವುದಕ್ಕೆ ರೆಂಡರ್ ಅನ್ನುತ್ತಾರೆ. ಆ ಕೆಲಸ ಮಾಡುವ, ಅದರೊಳಗಿನ ಸೈಕಲ್ಸ್ ಎಂಬ ರೆಂಡರ್ ಎಂಜಿನ್ 2011ರಲ್ಲಿ ಬಂತು. ಬೆಳಕಿನ ಕಿರಣ ಗೋಡೆ, ನೆಲ, ಸೂರಿಗೆ ಬಡಿದು ಹೇಗೆ ಪುಟಿಯುತ್ತದೆ ಎಂದು ಸೈಕಲ್ಸ್ ಲೆಕ್ಕ ಹಾಕುತ್ತದೆ. ಸ್ಕೆಚ್‌ಅಪ್ ಜೊತೆ ವಿ-ರೇ, ತ್ರೀಡಿಎಸ್ ಮ್ಯಾಕ್ಸ್ ಜೊತೆ ಕೊರೋನಾ ಎಂಬ ರೆಂಡರ್ ಎಂಜಿನ್ ಬಳಸುವವರಿಗೂ ಮುಂದಿನ ಮಾತು ಅನ್ವಯಿಸುತ್ತದೆ, ಬಟನ್‌ಗಳ ಹೆಸರು ಮಾತ್ರ ಬೇರೆ. ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟ ಕ್ರ್ಯಾಕ್ ಕಾಪಿ ಮಾತ್ರ ಹಾಕಿಕೊಳ್ಳಬೇಡಿ. ವೈರಸ್ ಬಂದು ಇಡೀ ಮನೆಯ ಫೈಲ್ ಹೋಗಿದ್ದನ್ನು ಪಕ್ಕದ ಅಂಗಡಿಯಲ್ಲೇ ಕಂಡಿದ್ದೇನೆ.

ಅಳತೆ, ಗೋಡೆ, ಕ್ಯಾಮೆರಾ

ಟೇಪು ಹಿಡಿದು ಮನೆಗೇ ಹೋಗಿ. ಪ್ಲಾನ್‌ನಲ್ಲಿ ಇರುವುದೂ ಗೌಂಡಿ ಕಟ್ಟಿದ್ದೂ ಒಂದೇ ಆಗಿರುವುದಿಲ್ಲ. ಹೊರಗೋಡೆಗೆ 9 ಇಂಚು ದಪ್ಪ ಕೊಟ್ಟೇ ಕಟ್ಟಿ, ತೆಳ್ಳನೆ ಹಾಳೆಯಂತೆ ನಿಲ್ಲಿಸಬೇಡಿ. ಕಿಟಕಿಯ ಒಳಬದಿಯ ಆ 9 ಇಂಚಿನ ಮೇಲೆ ಬೀಳುವ ಬೆಳಕೇ ಚಿತ್ರಕ್ಕೆ ಜೀವ ಕೊಡುತ್ತದೆ. ಉತ್ತರ ದಿಕ್ಕು ಯಾವುದೆಂದು ಪ್ಲಾನ್ ಮೇಲೆ ಗುರುತು ಹಾಕಿಕೊಳ್ಳಿ. ಕಪಾಟು, ಟೇಬಲ್, ಬಾಗಿಲಿನ ಚೌಕಟ್ಟು, ಎಲ್ಲದರ ಅಂಚನ್ನೂ ಬೆವೆಲ್ ಬಳಸಿ ಒಂದೆರಡು ಮಿಲಿಮೀಟರ್ ಉರುಟು ಮಾಡಿ. ಬಡಿಗೇರರು ಎಷ್ಟೇ ಚೂಪಾಗಿ ಕೊಯ್ದರೂ ಅಂಚಿನಲ್ಲಿ ಒಂದು ಸಣ್ಣ ಬೆಳಕಿನ ಗೆರೆ ಹೊಳೆದೇ ಹೊಳೆಯುತ್ತದೆ. ಆ ಗೆರೆ ಇಲ್ಲದಿದ್ದರೆ ಕಪಾಟು ರಟ್ಟಿನ ಡಬ್ಬಿಯಂತೆ ಕಾಣುತ್ತದೆ.

ಕ್ಯಾಮೆರಾ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿರಲಿ. ಮೇಲೆ ಕೆಳಗೆ ಬಗ್ಗಿಸಬೇಡಿ, ಗೋಡೆಗಳು ವಾಲುತ್ತವೆ. ಸೂರು ಜಾಸ್ತಿ ಕಾಣಬೇಕಿದ್ದರೆ ಲೆನ್ಸ್‌ನ ಶಿಫ್ಟ್ ಬಳಸಿ. ಲೆನ್ಸ್ 24 ಮಿ.ಮೀ. ಸಾಕು. 14, 15ಕ್ಕೆ ಇಳಿಸಿದರೆ ಹತ್ತು ಅಡಿ ಕೋಣೆ ಕಲ್ಯಾಣ ಮಂಟಪದಂತೆ ಕಾಣುತ್ತದೆ. ಆ ಚಿತ್ರ ನಂಬಿ ಮನೆಯವರು ಏಳು ಅಡಿ ಸೋಫಾ ತರುತ್ತಾರೆ, ಆಮೇಲೆ ಓಡಾಡಲು ಜಾಗ ಇರುವುದಿಲ್ಲ.

ಬೆಳಕು: ಇಲ್ಲಿ ಅವಸರ ಬೇಡ

ಮೊದಲು ಬಣ್ಣ, ಟೈಲ್ಸ್, ಮರ ಎಲ್ಲ ಮರೆತುಬಿಡಿ. ವ್ಯೂ ಲೇಯರ್‌ನಲ್ಲಿ ಮಟೀರಿಯಲ್ ಓವರ್‌ರೈಡ್ ಅಂತ ಇದೆ. ಅಲ್ಲಿ ಒಂದು ತಿಳಿ ಬೂದು ಬಣ್ಣ ಕೊಟ್ಟರೆ ಇಡೀ ಮನೆ ಮಣ್ಣಿನ ಗೊಂಬೆಯಂತೆ ಒಂದೇ ಬಣ್ಣಕ್ಕೆ ಬರುತ್ತದೆ. ಈ ಬೂದು ಮನೆ ನಿಜವಾದ ಕೋಣೆಯಂತೆ ಕಾಣುವವರೆಗೂ ಮುಂದೆ ಹೋಗಬೇಡಿ. ಒಂದು ಎಚ್ಚರಿಕೆ: ಓವರ್‌ರೈಡ್ ಹಾಕಿದಾಗ ಕಿಟಕಿಯ ಗಾಜೂ ಬೂದು ಹಲಗೆಯಾಗಿಬಿಡುತ್ತದೆ, ಕೋಣೆ ಕತ್ತಲಾಗುತ್ತದೆ. ಇದು ಗೊತ್ತಾಗದೆ ಹುಡುಗರು ಒಳಗೆ ದೀಪದ ಮೇಲೆ ದೀಪ ಸೇರಿಸುತ್ತಾ ಹೋಗುತ್ತಾರೆ. ಗಾಜನ್ನು ಮರೆಮಾಡಿ. ಕೊನೆಯ ರೆಂಡರ್‌ನಲ್ಲೂ ಗಾಜು ಕ್ಯಾಮೆರಾಗೆ ಕಾಣದಿದ್ದರೆ ತೆಗೆದೇಬಿಡಿ. ಸೈಕಲ್ಸ್‌ನಲ್ಲಿ ಗಾಜಿನ ಮೂಲಕ ಬಿಸಿಲು ದಾಟಿಸುವುದೇ ಕಷ್ಟ, ಚಿತ್ರದ ತುಂಬ ಬಿಳಿ ಚುಕ್ಕೆ ಏಳುತ್ತವೆ.

ಈಗ ಸೂರ್ಯ. ಸನ್ ಪೊಸಿಷನ್ ಎಂಬ ಆಡ್‌ಆನ್ ಹಾಕಿಕೊಳ್ಳಿ. ಕಲಬುರಗಿಯ ಅಕ್ಷಾಂಶ 17.33, ರೇಖಾಂಶ 76.83, ಟೈಮ್ ಝೋನ್ 5.5 ಕೊಡಿ. ತಾರೀಖು, ಗಂಟೆ, ಪ್ಲಾನ್ ಮೇಲೆ ಗುರುತು ಹಾಕಿಕೊಂಡ ಉತ್ತರ ದಿಕ್ಕು ತುಂಬಿ. ಸೂರ್ಯ ತಾನೇ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಇಷ್ಟು ಮಾಡಿದರೆ ಅಕ್ಕೋರ ಮನೆಯ ತಪ್ಪು ಆಗುವುದೇ ಇಲ್ಲ.

ನಮ್ಮ ಸೂರ್ಯನನ್ನು ಸ್ವಲ್ಪ ತಿಳಿದುಕೊಳ್ಳಿ. ಮೇ ಎರಡನೇ ವಾರದ ಆಸುಪಾಸು ಇಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಗಡಿಯಾರದಲ್ಲಿ ಆಗ ಹನ್ನೆರಡಲ್ಲ, 12.20 ಆಗಿರುತ್ತದೆ. ಎರಡು ಅಡಿ ಸಜ್ಜಾ ಇದ್ದರೆ ದಕ್ಷಿಣದ ಕಿಟಕಿಯಿಂದಲೂ ಆ ಹೊತ್ತು ಒಂದು ಹನಿ ಬಿಸಿಲು ಒಳಗೆ ಬರುವುದಿಲ್ಲ. ಡಿಸೆಂಬರ್ ಕೊನೆಗೆ ಅದೇ ಸೂರ್ಯ ಮಧ್ಯಾಹ್ನಕ್ಕೂ 49 ಡಿಗ್ರಿ ಎತ್ತರದಲ್ಲೇ ಇರುತ್ತಾನೆ, ದಕ್ಷಿಣಕ್ಕೆ ಸರಿದಿರುತ್ತಾನೆ. ಆಗ ಅದೇ ಕಿಟಕಿಯಿಂದ ಬಿಸಿಲು ಮೂರು ನಾಲ್ಕು ಅಡಿ ಒಳಗೆ ನೆಲದ ಮೇಲೆ ಬೀಳುತ್ತದೆ. ಅಡುಗೆಮನೆ ಸಾಮಾನ್ಯವಾಗಿ ಆಗ್ನೇಯಕ್ಕೆ ಇರುತ್ತದೆ, ಅಲ್ವಾ? ಪೂರ್ವಕ್ಕೆ ಕಿಟಕಿಯಿದ್ದರೆ ಅದರ ಚಿತ್ರಕ್ಕೆ ಬೆಳಿಗ್ಗೆ ಎಂಟು ಗಂಟೆಯೇ ಸರಿ. ಕಟ್ಟೆಯ ಮೇಲೆ ಓರೆಯಾಗಿ ಬೀಳುವ ಬಿಸಿಲು ಮನೆಯವರು ದಿನಾ ನೋಡುವ ಬಿಸಿಲೇ ಆಗಿರುತ್ತದೆ.

ಮುಂದೆ ನೆರಳಿನ ಅಂಚು. ಇದನ್ನು ಓದಿ ಬಿಡಬೇಡಿ, ಎದ್ದು ನಿಮ್ಮ ಮನೆಯ ಕಿಟಕಿಯ ಹತ್ತಿರ ಹೋಗಿ ನೋಡಿ. ಬಿಸಿಲು ಬಿದ್ದ ಕಡೆ ಗ್ರಿಲ್‌ನ ಸಲಾಕೆಯ ನೆರಳು ಕಾಣುತ್ತದೆ. ಸಲಾಕೆಗೆ ಹತ್ತಿರ, ಕಿಟಕಿಯ ಕಟ್ಟೆಯ ಮೇಲೆ, ನೆರಳು ಕಪ್ಪಗೆ ಚೂಪಾಗಿರುತ್ತದೆ. ಕೆಳಗೆ ನೆಲದ ಮೇಲೆ ಅದೇ ನೆರಳಿನ ಅಂಚು ಮಸುಕಾಗಿರುತ್ತದೆ. ಕಾರಣ ಸರಳ. ಸೂರ್ಯ ಒಂದು ಚುಕ್ಕೆ ಅಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಒಂದು ಮೀಟರ್ ದೂರಕ್ಕೆ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗುತ್ತದೆ, ಎರಡು ಮೀಟರ್‌ಗೆ ಅದರ ಎರಡರಷ್ಟು. 12 ಮಿಲಿಮೀಟರ್ ಸಲಾಕೆಯ ನೆರಳಿಗೆ ನಾಲ್ಕು ಅಡಿ ದಾಟಿದ ಮೇಲೆ ನಡುವಿನ ಕಪ್ಪು ತಿರುಳೇ ಉಳಿಯುವುದಿಲ್ಲ, ಬರೀ ತಿಳಿ ಗೆರೆ. ಸನ್ ಲೈಟ್‌ನ ಆ್ಯಂಗಲ್ ಎಂಬ ಕಡೆ 0.53 ಕೊಟ್ಟರೆ ಇದೆಲ್ಲ ತಾನಾಗಿ ಬರುತ್ತದೆ. ಸೊನ್ನೆ ಕೊಟ್ಟರೆ ನೆರಳು ಬ್ಲೇಡಿನಿಂದ ಕೊಯ್ದಂತೆ ಕಾಣುತ್ತದೆ. ಹತ್ತು ಕೊಟ್ಟರೆ ಮೋಡದ ದಿನದಂತೆ ಕಲಸಿಹೋಗುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಎರಡೂ ಒಪ್ಪುವುದಿಲ್ಲ.

ಗ್ರಿಲ್ ಅಂದೆನಲ್ಲ, ಅದನ್ನು ಚಿತ್ರದಿಂದ ಕೈಬಿಡಲೇಬೇಡಿ. ಚಿತ್ರ ಚೆಂದ ಕಾಣಲೆಂದು ಗ್ರಿಲ್, ಸೊಳ್ಳೆ ಜಾಳಿಗೆ ಎರಡನ್ನೂ ತೆಗೆಯುವವರಿದ್ದಾರೆ. ನಿಜವಾದ ಮನೆಯಲ್ಲಿ ಅವು ಒಂದಷ್ಟು ಬೆಳಕು ತಿಂದೇ ತಿನ್ನುತ್ತವೆ. ಇನ್ನು ಕೂಲರ್. ಫೆಬ್ರವರಿ ಮುಗಿಯುತ್ತಲೇ ನಮ್ಮ ಕಡೆ ಮನೆಮನೆಯಲ್ಲೂ ಕಿಟಕಿಗೆ ಕೂಲರ್ ಬಂದು ಕೂರುತ್ತದೆ. ಅರ್ಧ ಕಿಟಕಿ ಹೋಯಿತು. ಯಾವ ಕಿಟಕಿಗೆ ಕೂಲರ್ ಇಡುತ್ತೀರಿ ಅಂತ ಮನೆಯವರನ್ನು ಮೊದಲೇ ಕೇಳಿ, ಅದನ್ನು ಚಿತ್ರದಲ್ಲೂ ಇಡಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಎಷ್ಟೋ ಸಲ ಆ ಒಂದು ಪ್ರಶ್ನೆಯಿಂದ ಕೂಲರ್‌ಗೆ ಬೇರೆ ಜಾಗ, ಬೇರೆ ಪ್ಲಗ್ ಪಾಯಿಂಟ್ ಆಗಿದೆ.

ಬಿಸಿಲಾಯಿತು. ಬಿಸಿಲು ಬೀಳದ ಮೂಲೆಗೆ ಬೆಳಕು ಕೊಡುವುದು ಆಕಾಶ. ವರ್ಲ್ಡ್‌ಗೆ, ಅಂದರೆ ಮನೆಯ ಸುತ್ತಲಿನ ಹೊರಗಿನ ಜಗತ್ತಿಗೆ, ಸ್ಕೈ ಟೆಕ್ಸ್ಚರ್ ಎಂಬ ಆಕಾಶ ಹಾಕಿ. ಅದರಲ್ಲೇ ಇನ್ನೊಬ್ಬ ಸೂರ್ಯ ಇರುತ್ತಾನೆ, ಅದರ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಒಂದೇ ಕೋಣೆಯಲ್ಲಿ ಎರಡೆರಡು ನೆರಳು ಬೀಳುತ್ತವೆ. ಎಚ್‌ಡಿಆರ್‌ಐ, ಅಂದರೆ ಬೆಳಕಿನ ಸಮೇತ ತೆಗೆದ ನಿಜವಾದ ಆಕಾಶದ ಫೋಟೋ, ಬೇಕೆಂದರೆ ಪಾಲಿ ಹೇವನ್ ಎಂಬ ವೆಬ್‌ಸೈಟ್‌ನಲ್ಲಿ ಒಳ್ಳೆಯವು ಪುಕ್ಕಟೆ ಸಿಗುತ್ತವೆ, ಆದರೆ ಮನೆಯೊಳಗಿನ ಚಿತ್ರಕ್ಕೆ ನನಗೆ ಸ್ಕೈ ಟೆಕ್ಸ್ಚರೇ ಇಷ್ಟ. ಪ್ರತಿ ಕಿಟಕಿಯ ಹೊರಗೆ ಅದರಷ್ಟೇ ಅಳತೆಯ ಏರಿಯಾ ಲೈಟ್ ಇಟ್ಟು ಪೋರ್ಟಲ್ ಎಂಬ ಟಿಕ್ ಹಾಕಿ. ಅದು ಬೆಳಕು ಕೊಡುವುದಿಲ್ಲ, ಆಕಾಶದ ಬೆಳಕು ಈ ದಾರಿಯಲ್ಲಿ ಬರುತ್ತದೆ ಎಂದು ಸೈಕಲ್ಸ್‌ಗೆ ತೋರಿಸುತ್ತದೆ. ಡಿಫ್ಯೂಸ್ ಬೌನ್ಸ್, ಅಂದರೆ ಬೆಳಕು ಎಷ್ಟು ಸಲ ಪುಟಿಯಬೇಕೆಂಬ ಅಂಕಿ, 4 ಇರುತ್ತದೆ, 8 ಮಾಡಿ. ಕಿಟಕಿಯಿಂದ ದೂರದ ಮೂಲೆಗೆ ಬೆಳಕು ಪುಟಿದು ಪುಟಿದೇ ತಲುಪಬೇಕು.

ಇಷ್ಟಾದರೂ ಕೋಣೆ ಕತ್ತಲಾಗಿ ಕಾಣಬಹುದು. ಇಲ್ಲಿಯೇ ಎಲ್ಲರೂ ಕೈ ಬಿಟ್ಟು ಸೂರಿನ ಕೆಳಗೆ ದೊಡ್ಡ ಬಿಳಿ ಲೈಟ್ ತೂಗುಹಾಕುತ್ತಾರೆ. ದಯವಿಟ್ಟು ಬೇಡ. ಆ ಒಂದು ಲೈಟ್ ಎಲ್ಲ ನೆರಳನ್ನೂ ಅಳಿಸಿಬಿಡುತ್ತದೆ, ಸೋಫಾ ನೆಲಕ್ಕೆ ತಾಗದೆ ತೇಲಿದಂತೆ ಕಾಣುತ್ತದೆ. ಮಾಡಬೇಕಾದ್ದು ಎಕ್ಸ್‌ಪೋಷರ್, ಅಂದರೆ ಇಡೀ ಚಿತ್ರದ ಬೆಳಕಿನ ಮಟ್ಟ, ಏರಿಸುವುದು. ಹೊರಗಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ ಮನೆಯೊಳಗೆ ಕೆಲವು ನೂರು ಲಕ್ಸ್ ಮಾತ್ರ. ಮೊಬೈಲ್‌ನಲ್ಲಿ ಹಾಲ್‌ನ ಫೋಟೋ ತೆಗೆದು ನೋಡಿ, ಒಳಗೆ ಸರಿಯಾಗಿ ಕಂಡರೆ ಕಿಟಕಿಯಾಚೆ ಬೆಳ್ಳಗಾಗಿರುತ್ತದೆ. ಚಿತ್ರದಲ್ಲೂ ಹಾಗೇ ಆಗಲಿ ಬಿಡಿ. ಎಕ್ಸ್‌ಪೋಷರ್ ಒಂದು ಅಂಕಿ ಏರಿಸಿದರೆ ಬೆಳಕು ಎರಡು ಪಟ್ಟಾಗುತ್ತದೆ, ಅರ್ಧರ್ಧ ಅಂಕಿಯಂತೆ ಏರಿಸಿ. ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ವ್ಯೂ ಟ್ರಾನ್ಸ್‌ಫಾರ್ಮ್ ಸ್ಟ್ಯಾಂಡರ್ಡ್‌ನಲ್ಲಿ ಬೇಡ, ಫಿಲ್ಮಿಕ್ ಅಥವಾ ಬ್ಲೆಂಡರ್ 4.0ರಿಂದ ಬಂದಿರುವ ಎಜಿಎಕ್ಸ್ ಇರಲಿ. ಸ್ಟ್ಯಾಂಡರ್ಡ್‌ನಲ್ಲಿ ಕಿಟಕಿಯ ಅಂಚು ಸುಟ್ಟಂತೆ ಆಗುತ್ತದೆ. ಕಿಟಕಿಯಾಚೆ ಸಮುದ್ರವೂ ಬೇಡ, ಹಿಮದ ಬೆಟ್ಟವೂ ಬೇಡ. ಪಕ್ಕದ ಮನೆಯ ಗೋಡೆ, ನೀರಿನ ಟ್ಯಾಂಕ್, ಒಂದು ಬೇವಿನ ಮರ ಇಡಿ. ಎದುರಿನ ಗೋಡೆ ಹಳದಿಯಿದ್ದರೆ ಆ ಹಳದಿ ನಿಮ್ಮ ಸೂರಿಗೂ ತುಸು ಹತ್ತುತ್ತದೆ, ನಿಜದಲ್ಲಿ ಆಗುವಂತೆಯೇ.

ರಾತ್ರಿಯ ಚಿತ್ರಕ್ಕೆ ಮನೆಯಲ್ಲಿ ಹಾಕುವ ದೀಪಗಳೇ ಸಾಕು. ಸೂರಿನ ಅಂಚಿನಲ್ಲಿ ಅಡಗಿಸಿಟ್ಟ ಕೋವ್ ಲೈಟ್‌ಗೆ ಬಣ್ಣ 3000 ಕೆಲ್ವಿನ್, ಟ್ಯೂಬ್‌ಲೈಟ್‌ಗೆ 6500.

ನೆಲ, ಮರ, ಬಿದರಿ

ಈಗ ಓವರ್‌ರೈಡ್ ತೆಗೆದು ಬಣ್ಣ ಹಾಕಿ. ಬಿಳಿ ಗೋಡೆಯ ಬಣ್ಣದ ಅಂಕಿಗೆ 1 ಕೊಡಬೇಡಿ, 0.8 ಸಾಕು. ಬಿದ್ದ ಬೆಳಕನ್ನೆಲ್ಲ ವಾಪಸ್ ಕೊಡುವ ಸುಣ್ಣ ಜಗತ್ತಿನಲ್ಲಿ ಇಲ್ಲ. ಒರಟುತನ ತೋರಿಸುವ ರಫ್‌ನೆಸ್, ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪ್‌ಗಳನ್ನು ನಾನ್-ಕಲರ್ (ಬಣ್ಣವಲ್ಲ, ಬರೀ ಅಂಕಿ) ಮಾಡುವುದನ್ನು ಮರೆಯಬೇಡಿ. ಮರೆತರೆ ಹೊಳಪೆಲ್ಲ ತಪ್ಪಾಗಿ ಬರುತ್ತದೆ, ಯಾಕೆ ಅಂತ ಗೊತ್ತಾಗದೆ ಒಂದು ದಿನ ಹಾಳಾಗುತ್ತದೆ.

ನಮ್ಮ ಮನೆಗಳಲ್ಲಿ ಇನ್ನೂ ಶಹಾಬಾದ್ ಕಲ್ಲು ಇದೆ. ಅದಕ್ಕೆ ರೆಡಿಮೇಡ್ ಗ್ರೇ ಮಾರ್ಬಲ್ ಚಿತ್ರ ಹಚ್ಚಿದರೆ ಊರಿನ ಮಗುವೂ ಗುರುತು ಹಿಡಿಯುತ್ತದೆ. ಒಂದು ಮೋಡದ ದಿನ ನೆಲಕ್ಕೆ ನೇರವಾಗಿ ಮೊಬೈಲ್ ಹಿಡಿದು ಹತ್ತು ಹನ್ನೆರಡು ಫರ್ಸಿಗಳ ಫೋಟೋ ತೆಗೆದುಕೊಳ್ಳಿ. ಒಂದು ನೀಲಿಗೆ, ಒಂದು ಹಸಿರಿಗೆ, ಒಂದು ಬೂದಿಗೆ ತಿರುಗಿರುತ್ತದೆ. ಬಾಗಿಲಿನಿಂದ ಅಡುಗೆಮನೆಗೆ ನಡೆಯುವ ದಾರಿಯಲ್ಲಿ ಕಲ್ಲು ಸವೆದು ನುಣುಪಾಗಿರುತ್ತದೆ, ಗೋಡೆಯ ಬದಿಗೆ ಒರಟು. ರಫ್‌ನೆಸ್ ಅನ್ನು ಆ ದಾರಿಯಲ್ಲಿ 0.35, ಬದಿಗೆ 0.6 ಇಟ್ಟು ನೋಡಿ. ವಿಟ್ರಿಫೈಡ್ ಟೈಲ್ಸ್ ಆದರೆ ಒಂದೇ ಡಿಸೈನ್ ಸಾಲಾಗಿ ಬರದಂತೆ ಅಲ್ಲಲ್ಲಿ ತಿರುಗಿಸಿ.

ಲ್ಯಾಮಿನೇಟ್ ಶೀಟ್ ಸಾಮಾನ್ಯವಾಗಿ ಸಿಗುವುದು 8 ಅಡಿಗೆ 4 ಅಡಿ. ಸೂರಿನವರೆಗೆ ಹತ್ತು ಅಡಿ ಕಪಾಟಿಗೆ ಒಂದೇ ಉದ್ದ ಮರದ ಎಳೆ ತೋರಿಸಿದರೆ ಬಡಿಗೇರರ ಹತ್ತಿರ ಅದು ಆಗುವುದಿಲ್ಲ. ಏಳಡಿಗೆ ಒಂದು ಸಂದು ಕೊಟ್ಟು ಮೇಲೆ ಲಾಫ್ಟ್ ಮಾಡಿ.

ಶೋಕೇಸ್‌ನಲ್ಲಿ ಬಿದರಿ ಹೂಜಿ ಇದ್ದರೆ ಅದನ್ನು ಕೈಯಲ್ಲಿ ಹಿಡಿದು ನೋಡಿಯೇ ಮಾಡಿ. ಒಡಲು ಸತು, ತಾಮ್ರದ ಮಿಶ್ರಲೋಹ. ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿದ ನೀರಲ್ಲಿ ಅದ್ದಿದಾಗ ಒಡಲು ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಹಾಗೇ ಉಳಿಯುತ್ತದೆ. ಹಾಗಾಗಿ ಇಡೀ ಹೂಜಿಗೆ ಹೊಳೆಯುವ ಕಪ್ಪು ಹಚ್ಚಿದರೆ ಪ್ಲಾಸ್ಟಿಕ್ ಆಗುತ್ತದೆ. ಕಪ್ಪಿಗೆ ರಫ್‌ನೆಸ್ 0.45, ಬೆಳ್ಳಿಗೆ ಮೆಟಾಲಿಕ್ 1, ರಫ್‌ನೆಸ್ 0.2. ಎಲ್ಲಿ ಕಪ್ಪು, ಎಲ್ಲಿ ಬೆಳ್ಳಿ ಎಂದು ಬೇರ್ಪಡಿಸಲು ಹೂಬಳ್ಳಿಯ ಕಪ್ಪು-ಬಿಳಿ ಚಿತ್ರ, ಅಂದರೆ ಮಾಸ್ಕ್. ಅಷ್ಟು ಸಣ್ಣ ವಸ್ತುವಿಗೆ ಒಂದು ತಾಸು ಕೊಡಿ. ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ರೆಂಡರ್

ಮೊದಲು 50 ಪರ್ಸೆಂಟ್ ಅಳತೆಯಲ್ಲಿ ನೋಡಿ, ಆಮೇಲೆ ಪೂರ್ತಿ. ಚುಕ್ಕೆ ಅಳಿಸುವ ಡಿನಾಯ್ಸ್ ಹಾಕಿ, ಆದರೆ 64 ಸ್ಯಾಂಪಲ್‌ಗೆ (ಪ್ರತಿ ಚುಕ್ಕೆಗೆ ಲೆಕ್ಕ ಹಾಕುವ ಕಿರಣಗಳ ಸಂಖ್ಯೆ) ಹಾಕಿ ಕೆಲಸ ಮುಗಿಸಬೇಡಿ, ಕಲ್ಲಿನ ಕಣ, ಬಟ್ಟೆಯ ನೇಯ್ಗೆ ಎಲ್ಲ ಎಣ್ಣೆ ಸವರಿದಂತಾಗುತ್ತದೆ. ನಾನು ಸಾವಿರಕ್ಕೆ ಕಡಿಮೆ ಇಡುವುದಿಲ್ಲ. ಯುಪಿಎಸ್ ಇಲ್ಲದೆ ರಾತ್ರಿ ರೆಂಡರ್ ಹಚ್ಚಿ ಮಲಗಬೇಡಿ. ಎಐ ಆ್ಯಪ್‌ಗೆ ಕೊಟ್ಟು ಚೆಂದ ಮಾಡಿಸುವುದೂ ಬೇಡ, ಅದು ಕಿಟಕಿಯನ್ನೇ ಅಗಲ ಮಾಡಿಬಿಡುತ್ತದೆ, ನೀವು ಟೇಪು ಹಿಡಿದು ತಂದ ಅಳತೆ ನೀರುಪಾಲಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ಕೋಣೆಗೆ ಎರಡು ಚಿತ್ರ ಕೊಡಿ: ಹಗಲಿನದೊಂದು, ಟ್ಯೂಬ್‌ಲೈಟ್ ಹಾಕಿದ ರಾತ್ರಿಯದೊಂದು. ಅಕ್ಕೋರಿಗೂ ಹಾಗೇ ಮಾಡಿಕೊಟ್ಟೆ. ಅವರು ಹಗಲಿನ ಚಿತ್ರ ಪಕ್ಕಕ್ಕಿಟ್ಟು ರಾತ್ರಿಯದನ್ನೇ ಬಹಳ ಹೊತ್ತು ನೋಡಿದರು. "ನಾ ಪೇಪರ್ ಓದೋದು ಸಂಜೀಗೆ ತಮ್ಮಾ, ಈ ಮೂಲ್ಯಾಗ ಕತ್ತಲಿ ಅದ ನೋಡು" ಅಂದರು. ಆ ಮೂಲೆಗೆ ಒಂದು ಗೋಡೆ ದೀಪ ಬರೆದು, ವೈರಿಂಗ್‌ನವರಿಗೆ ಪಾಯಿಂಟ್ ಗುರುತು ಮಾಡಿ ಕೊಟ್ಟೆ.